ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಂದದ್ದು ಆಸ್ಪತ್ರೆಯ ಮದ್ದಾಗಲು ಇಷ್ಟು ವರ್ಷ ಏಕೆ ಬೇಕು?

ಪ್ರಶ್ನೆ: ಹಾಸನದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ವಿಜ್ಞಾನ ಓದಿದವಳಲ್ಲ, ಆದ್ದರಿಂದ ಪ್ರಶ್ನೆಯಲ್ಲಿ ತಪ್ಪಿದ್ದರೆ ತಿದ್ದಿ ಉತ್ತರಿಸಬೇಕೆಂದು ಕೋರುತ್ತೇನೆ.

ನನ್ನ ಅಕ್ಕನ ಮಗನಿಗೆ ಈಗ 22 ವರ್ಷ. ಮೂರು ವರ್ಷಗಳ ಹಿಂದೆ ಅವನಿಗೆ ಬಿ ಕೋಶಗಳ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಎರಡೂವರೆ ವರ್ಷ ಕೀಮೋ ನಡೆಯಿತು. ಉದುರಿದ ಕೂದಲು ಮತ್ತೆ ಬಂದು, ಅವನು ಕಾಲೇಜಿಗೂ ಹೋಗತೊಡಗಿದ್ದ. ಕಳೆದ ತಿಂಗಳು ಮೂಳೆಮಜ್ಜೆಯ ಪರೀಕ್ಷೆಯಲ್ಲಿ ರೋಗ ಮರುಕಳಿಸಿರುವುದು ಕಂಡುಬಂತು. ಈಗ ವೈದ್ಯರು ಕಾರ್-ಟಿ ಎಂಬ ಚಿಕಿತ್ಸೆಯ ಮಾತೆತ್ತಿದ್ದಾರೆ. ಅವನ ರಕ್ತದಿಂದಲೇ ಕೆಲವು ಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ಅವನಿಗೇ ಹಿಂದಿರುಗಿಸುತ್ತಾರಂತೆ. ಅಕ್ಕನಿಗೆ ಆ "ಪ್ರಯೋಗಾಲಯ" ಎಂಬ ಪದವೇ ಭಯ ಹುಟ್ಟಿಸಿದೆ. "ನನ್ನ ಮಗನ ಮೇಲೆ ಪ್ರಯೋಗ ಮಾಡುತ್ತಾರಾ?" ಎಂದು ರಾತ್ರಿ ಹಗಲು ಕೇಳುತ್ತಾಳೆ.

ನನ್ನ ಅನುಮಾನ ಬೇರೆ. ನಮ್ಮ ಮಾವನವರು 2014ರಲ್ಲಿ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಕಾಯಿಲೆ ಗೊತ್ತಾದ ದಿನದಿಂದ ನಾನು ಪತ್ರಿಕೆಗಳಲ್ಲಿ ಬರುವ ಕ್ಯಾನ್ಸರ್ ಸಂಶೋಧನೆಯ ಸುದ್ದಿಗಳನ್ನು ಕತ್ತರಿಸಿ ಒಂದು ಫೈಲಿನಲ್ಲಿ ಇಡುತ್ತಾ ಬಂದಿದ್ದೇನೆ. ನಿನ್ನೆ ಎಣಿಸಿದೆ, 31 ಇವೆ. ಅರಿಶಿನದ ಸತ್ವ ಕ್ಯಾನ್ಸರ್ ಕೋಶಗಳನ್ನು ಕೊಂದಿತು, ಯಾವುದೋ ಎಲೆಯ ರಸ ಇಲಿಯ ಗಡ್ಡೆಯನ್ನು ಕರಗಿಸಿತು, ಇನ್ನು ಐದೇ ವರ್ಷದಲ್ಲಿ ಮದ್ದು ಬರಲಿದೆ ಎಂಬಂಥವು. ಬಂದದ್ದನ್ನು ನಾನು ಕಾಣಲಿಲ್ಲ. ಹಾಗಾದರೆ ಪ್ರಯೋಗಾಲಯದಲ್ಲಿ ಗೆದ್ದದ್ದು ನಡುದಾರಿಯಲ್ಲಿ ಎಲ್ಲಿ ಸೋಲುತ್ತದೆ? ಕಾರ್-ಟಿ ಮಾತ್ರ ಆ ದಾರಿಯನ್ನು ದಾಟಿ ಬಂದದ್ದು ಹೇಗೆ? ಹುಡುಗನ ಕೋಶಗಳು ಮೈಯಿಂದ ಹೊರಗಿರುವ ಆ ಕೆಲವು ವಾರ ಅವುಗಳಿಗೆ ಏನು ಮಾಡುತ್ತಾರೆ?

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಬಂಧುಗಳೊಬ್ಬರ ಮೂಲಕ ಪರಿಚಯವಾದ ಒಂದು ಖಾಸಗಿ ಕೇಂದ್ರದವರು "ರೋಗನಿರೋಧಕ ಕೋಶ ಚಿಕಿತ್ಸೆ" ಎಂಬುದನ್ನು ಎಂಟು ಲಕ್ಷಕ್ಕೆ ಮಾಡಿಕೊಡುತ್ತೇವೆ, ಆಸ್ಪತ್ರೆಗೆ ದಾಖಲಾಗುವುದೂ ಬೇಡ, ಮುಂಗಡ ಕಟ್ಟಿ ಎನ್ನುತ್ತಿದ್ದಾರೆ. ಭಾವ ಅರ್ಧ ಮನಸ್ಸು ಮಾಡಿದ್ದಾರೆ. ಇದು ಅದೇ ಚಿಕಿತ್ಸೆಯೇ?

ಉತ್ತರ: ಬೆಂಗಳೂರಿನ ಪ್ರಯೋಗಾಲಯವೊಂದರ ಸಂಶೋಧಕ

ಮೇಡಂ, ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಅದು ಇದೇ ಚಿಕಿತ್ಸೆ ಆಗಿರಲಾರದು. ದಯವಿಟ್ಟು ಮುಂಗಡ ಕಟ್ಟಬೇಡಿ. ಆಸ್ಪತ್ರೆಗೆ ದಾಖಲಾಗದೆ, ತೀವ್ರ ನಿಗಾ ಘಟಕದ ಆಸರೆಯಿಲ್ಲದೆ ಕಾರ್-ಟಿ ಕೊಡುತ್ತೇವೆ ಎನ್ನುವವರು ಕೊಡುತ್ತಿರುವುದು ಬೇರೇನನ್ನೋ. ಅವರಿಂದ ಎರಡು ಕಾಗದ ಕೇಳಿ. ಒಂದು, ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ಆ ಉತ್ಪನ್ನಕ್ಕೆ ಕೊಟ್ಟ ಅನುಮತಿ. ಎರಡು, ಅದಿಲ್ಲದೆ ಇನ್ನೂ ಪರೀಕ್ಷೆಯ ಹಂತದಲ್ಲಿದೆ ಎಂದರೆ, ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಾದ ಸಿಟಿಆರ್‌ಐ ಸಂಖ್ಯೆ. ಆ ನೋಂದಣಿ 2009ರಿಂದ ಕಡ್ಡಾಯವಾಗಿದೆ, ಜಾಲದಲ್ಲಿ ಯಾರು ಬೇಕಾದರೂ ಹುಡುಕಿ ನೋಡಬಹುದು. ಎರಡೂ ಇಲ್ಲವೆಂದರೆ ಅಲ್ಲಿಗೆ ಮಾತು ಮುಗಿಯಿತು.

ಇನ್ನು ನಿಮ್ಮ ಫೈಲಿನ ವಿಷಯ. ಅದನ್ನು ಓದಿ ನನಗೆ ಸಂಕಟವಾಯಿತು, ಏಕೆಂದರೆ ಅಂಥ ಸುದ್ದಿಗಳು ಹುಟ್ಟುವುದು ನಾವು ಕೆಲಸ ಮಾಡುವ ಕೋಣೆಗಳಲ್ಲೇ. ಆದ್ದರಿಂದ ಆ ಕೋಣೆಯೊಳಗೆ ಏನಿದೆ ಎಂದು ಹೇಳುತ್ತೇನೆ.

ನಾವು ಸಾಕುವ ಕ್ಯಾನ್ಸರ್ ಕೋಶಗಳು ಇರುವುದು ಅಂಗೈ ಅಗಲದ ಚಪ್ಪಟೆ ಪ್ಲಾಸ್ಟಿಕ್ ಫ್ಲಾಸ್ಕುಗಳಲ್ಲಿ. ತಳದಲ್ಲಿ ಕೆಂಪು ಬಣ್ಣದ ಪೋಷಕ ದ್ರವ ತೆಳ್ಳಗೆ ಹರಡಿಕೊಂಡಿರುತ್ತದೆ, ಅದರಲ್ಲಿ ನೂರಕ್ಕೆ ಹತ್ತು ಪಾಲು ಕರುವಿನ ಭ್ರೂಣದ ಸೀರಮ್. ಇನ್‌ಕ್ಯುಬೇಟರ್ 37 ಡಿಗ್ರಿಯಲ್ಲಿ, ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್‌ನೊಂದಿಗೆ ಓಡುತ್ತಿರುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ಕೆಂಪು ದ್ರವ ಹಳದಿಗೆ ತಿರುಗಿದ್ದರೆ ಕೋಶಗಳು ಹೊಟ್ಟೆ ತುಂಬ ತಿಂದು ಆಮ್ಲ ಬಿಟ್ಟಿವೆ ಎಂದು ತಿಳಿದು ದ್ರವ ಬದಲಿಸುತ್ತೇವೆ. ಅಲ್ಲಿ ರಕ್ತನಾಳವಿಲ್ಲ, ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ, ರೋಗನಿರೋಧಕ ವ್ಯವಸ್ಥೆಯಿಲ್ಲ. ಆ ಫ್ಲಾಸ್ಕಿಗೆ ಅಡುಗೆ ಉಪ್ಪನ್ನು ಹೆಚ್ಚಾಗಿ ಹಾಕಿದರೂ ಕೋಶಗಳು ಸಾಯುತ್ತವೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಎಂದೂ ಕಷ್ಟದ ಕೆಲಸವಾಗಿರಲಿಲ್ಲ. ಅದರ ಪಕ್ಕದಲ್ಲೇ ಇರುವ, ಅದರಂತೆಯೇ ಕಾಣುವ, ನಮ್ಮದೇ ಆದ ಆರೋಗ್ಯವಂತ ಕೋಶವನ್ನು ಉಳಿಸಿಕೊಂಡು ಕೊಲ್ಲುವುದೇ ಕಷ್ಟ. ಅರಿಶಿನದ ಕುರ್ಕುಮಿನ್ ತಟ್ಟೆಯಲ್ಲಿ ಕೊಲ್ಲುವುದು ಸುಳ್ಳಲ್ಲ. ಆದರೆ ನುಂಗಿದ ಕುರ್ಕುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ, ಸೇರಿದ್ದನ್ನೂ ಯಕೃತ್ತು ಬೇಗನೆ ಬದಲಿಸಿ ಹೊರಹಾಕುತ್ತದೆ. ತಟ್ಟೆಯಲ್ಲಿ ಸುರಿದ ಪ್ರಮಾಣ ಗಡ್ಡೆಯವರೆಗೆ ತಲುಪುವುದೇ ಇಲ್ಲ.

ತಟ್ಟೆಯೇ ಮೋಸ ಮಾಡುವುದೂ ಉಂಟು. ಎಂಡಿಎ-ಎಂಬಿ-435 ಎಂಬ ಕೋಶದ ತಳಿಯನ್ನು ಸ್ತನ ಕ್ಯಾನ್ಸರಿನದೆಂದು ನಂಬಿ ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ದಶಕಗಳ ಕಾಲ ಬಳಸಿದವು. ವಂಶವಾಹಿಗಳನ್ನು ಹೋಲಿಸಿ ನೋಡಿದಾಗ ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನದೆಂದು ಹೊರಬಿತ್ತು. ನಾನು ವಿದ್ಯಾರ್ಥಿಯಾಗಿದ್ದಾಗ ನನ್ನ ಕೋಶಗಳಿಗೆ ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ ಹತ್ತಿತ್ತು. ಅದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ, ದ್ರವವನ್ನು ಕದಡುವುದೂ ಇಲ್ಲ, ಕೋಶದ ನಡವಳಿಕೆಯನ್ನು ಮಾತ್ರ ಬದಲಿಸುತ್ತದೆ. ಎಂಟು ತಿಂಗಳ ಫಲಿತಾಂಶಗಳನ್ನು ಕೈಬಿಟ್ಟು ಮೊದಲಿನಿಂದ ಆರಂಭಿಸಿದೆ. ಅಂದಿನಿಂದ ಪ್ರತಿ ತಿಂಗಳ ಮೊದಲ ವಾರ ಆ ಪರೀಕ್ಷೆ ಮಾಡದೆ ನಾನು ಮುಂದೆ ಹೋಗುವುದಿಲ್ಲ.

ತಟ್ಟೆಯ ನಂತರ ಇಲಿ. ಮನುಷ್ಯನ ಗಡ್ಡೆಯನ್ನು ಇಲಿಯ ಮೈ ಒಪ್ಪಿಕೊಳ್ಳಬೇಕಾದರೆ ರೋಗನಿರೋಧಕ ವ್ಯವಸ್ಥೆಯೇ ಇಲ್ಲದಂಥ ತಳಿಯನ್ನು ಬಳಸಬೇಕು. ಆದರೆ ನಾವು ಪರೀಕ್ಷಿಸಬೇಕಾದದ್ದು ಆ ವ್ಯವಸ್ಥೆಯನ್ನೇ ಆಗಿದ್ದರೆ, ಅದಿಲ್ಲದ ಇಲಿ ಏನು ಹೇಳೀತು? 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯವನ್ನು, ಅಂದರೆ ಒಂದು ನಿರ್ದಿಷ್ಟ ಗುರುತನ್ನು ಹಿಡಿಯುವ ಪ್ರೋಟೀನನ್ನು, ಮೊದಲ ಬಾರಿಗೆ ಆರು ಮಂದಿ ಆರೋಗ್ಯವಂತ ಯುವಕರಿಗೆ ಚುಚ್ಚಿದರು. ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ ಕೊಟ್ಟಿದ್ದರು. ಕೆಲವೇ ಗಂಟೆಗಳಲ್ಲಿ ಆರೂ ಮಂದಿಯ ಟಿ ಕೋಶಗಳು, ಅಂದರೆ ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು, ಒಟ್ಟಿಗೆ ಕೆರಳಿ, ಅಂಗಾಂಗಗಳು ಸೋಲತೊಡಗಿದವು. ಎಲ್ಲರೂ ಬದುಕಿದರೆಂಬುದು ತೀವ್ರ ನಿಗಾ ಘಟಕದ ಪುಣ್ಯ. ಪರೀಕ್ಷೆಗೆ ಬಳಸಿದ ಕೋತಿಗಳಲ್ಲಿ, ಒಂದು ಬಗೆಯ ಟಿ ಕೋಶಗಳ ಮೇಲೆ, ಆ ಪ್ರತಿಕಾಯ ಹಿಡಿಯಬೇಕಾದ ಸಿಡಿ28 ಎಂಬ ಹಿಡಿಕೆಯೇ ಇರಲಿಲ್ಲವೆಂದು ಅನಂತರ ತಿಳಿಯಿತು. ಇಂದು ಹೊಸ ಮದ್ದನ್ನು ಮೊದಲು ಒಬ್ಬರಿಗೆ ಕೊಟ್ಟು, ಕಾದು, ನಂತರವೇ ಎರಡನೆಯವರಿಗೆ ಕೊಡುವ ಪದ್ಧತಿ ಬಿಗಿಯಾಗಿರುವುದು ಆ ದಿನದಿಂದ. ನಿಮ್ಮ ಅಕ್ಕನವರಿಗೆ ಇದನ್ನು ಹೇಳಿ: ನಾವು ನಿಧಾನಿಸುವುದು ಹೆಚ್ಚಾಗಿ ರೋಗಿಯ ಜೀವ ಕಾಯಲಿಕ್ಕೆ.

ಗೆದ್ದ ಮದ್ದಿಗೂ ಎಷ್ಟು ಕಾಲ ಬೇಕಾಯಿತು ನೋಡಿ. ಟಿ ಕೋಶದ ಮೇಲೆ ಸಿಟಿಎಲ್‌ಎ-4 ಎಂಬ ಅಣುವಿದೆ, ಅದು ಬ್ರೇಕಿನಂತೆ ಕೆಲಸ ಮಾಡುತ್ತದೆ. ಬೇರೆಯವರು ಆ ಬ್ರೇಕನ್ನು ಒತ್ತಿ ಸಂಧಿವಾತದಂಥ ರೋಗಗಳನ್ನು ತಣಿಸಬಹುದೇ ಎಂದು ಯೋಚಿಸುತ್ತಿದ್ದಾಗ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೇಮ್ಸ್ ಆಲಿಸನ್ ಅದನ್ನು ಬಿಡಿಸಿ ನೋಡೋಣ ಎಂದರು. 1994ರ ಕೊನೆಯಲ್ಲಿ ಮಾಡಿದ ಮೊದಲ ಪ್ರಯೋಗದಲ್ಲಿ ಇಲಿಗಳ ಗಡ್ಡೆ ಕರಗಿತು. ನಂಬಲಾಗದೆ ಕ್ರಿಸ್‌ಮಸ್ ರಜೆಯಲ್ಲೇ ಪ್ರಯೋಗವನ್ನು ಮತ್ತೆ ಮಾಡಿದರು. ಅದೇ ಯೋಚನೆಯಿಂದ ಹುಟ್ಟಿದ ಇಪಿಲಿಮುಮಾಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2011ರಲ್ಲಿ. ಪಿಡಿ-1 ಎಂಬ ಇನ್ನೊಂದು ಬ್ರೇಕನ್ನು ಜಪಾನಿನ ಕ್ಯೋಟೊದಲ್ಲಿ ತಸುಕು ಹೊಂಜೊ 1992ರಲ್ಲೇ ಕಂಡಿದ್ದರು. ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು.

ಕಾರ್-ಟಿಯ ಕಥೆ ಇನ್ನೂ ದೀರ್ಘ. ಟಿ ಕೋಶಕ್ಕೆ ಕೊಲ್ಲುವ ಶಕ್ತಿಯಿದೆ, ಆದರೆ ಲ್ಯುಕೀಮಿಯಾ ಕೋಶವನ್ನು ಗುರುತಿಸುವ ಕಣ್ಣಿಲ್ಲ. ಪ್ರತಿಕಾಯಕ್ಕೆ ಗುರುತಿಸುವ ಕಣ್ಣಿದೆ, ಕೊಲ್ಲುವ ಕೈಯಿಲ್ಲ. 1989ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಷ್ಹಾರ್ ಅವರ ತಂಡ ಪ್ರತಿಕಾಯದ ತುದಿಯನ್ನು ಟಿ ಕೋಶದ ಗ್ರಾಹಕಕ್ಕೆ, ಅಂದರೆ ಅದು ಹೊರಗಿನ ಗುರುತನ್ನು ಹಿಡಿಯುವ ಅಣುವಿಗೆ, ಕಸಿ ಮಾಡಿ ತೋರಿಸಿತು. ಆರಂಭದ ಆ ಕೋಶಗಳು ತಟ್ಟೆಯಲ್ಲಿ ಕೊಂದವು, ಮನುಷ್ಯನ ಮೈಯಲ್ಲಿ ಮಾತ್ರ ಬೇಗ ಬಳಲಿ ಇಲ್ಲವಾದವು. ಒಳಬದಿಯಲ್ಲಿ ಇನ್ನೊಂದು ಎಳೆಯನ್ನು, ಸಿಡಿ28 ಅಥವಾ 4-1ಬಿಬಿ ಎಂಬುದನ್ನು ಸೇರಿಸಿದ ಮೇಲೆಯೇ ಅವು ಮೈಯೊಳಗೆ ವೃದ್ಧಿಸಿ ಬಾಳತೊಡಗಿದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಜೂನ್ ಅವರ ತಂಡ 2010ರಲ್ಲಿ ಚಿಕಿತ್ಸೆ ನೀಡಿದ ಇಬ್ಬರ ರಕ್ತದಲ್ಲಿ ಆ ಕೋಶಗಳು ಹತ್ತು ವರ್ಷದ ನಂತರವೂ ಕಂಡವು. ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2017ರ ಆಗಸ್ಟ್‌ನಲ್ಲಿ. ಅಲ್ಲಿಗೆ 28 ವರ್ಷ.

ನಮ್ಮ ದೇಶದ್ದನ್ನು ಹೇಳಲು ನನಗೆ ಹೆಮ್ಮೆಯಿದೆ. ಐಐಟಿ ಬಾಂಬೆಯಲ್ಲಿ ರಾಹುಲ್ ಪುರ್ವಾರ್ ಅವರ ತಂಡ ಟಾಟಾ ಮೆಮೋರಿಯಲ್ ಕೇಂದ್ರದ ವೈದ್ಯರೊಂದಿಗೆ ಸೇರಿ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಯನ್ನು ರೂಪಿಸಿತು. ಮೊದಲ ರೋಗಿಗೆ ಅದನ್ನು ಕೊಟ್ಟದ್ದು 2021ರ ಜೂನ್‌ನಲ್ಲಿ, ನವಿ ಮುಂಬಯಿಯ ಖಾರ್‌ಘರ್‌ನಲ್ಲಿರುವ ಟಾಟಾ ಮೆಮೋರಿಯಲ್‌ನ ಸಂಶೋಧನಾ ಕೇಂದ್ರವಾದ ಆಕ್ಟ್ರೆಕ್‌ನಲ್ಲಿ. 2023ರ ಅಕ್ಟೋಬರ್‌ನಲ್ಲಿ, ಮರುಕಳಿಸಿದ ಅಥವಾ ಮದ್ದಿಗೆ ಬಗ್ಗದ ಬಿ ಕೋಶದ ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್) ಮತ್ತು ಲ್ಯುಕೀಮಿಯಾಗಳಿಗೆ, 15 ವರ್ಷ ದಾಟಿದವರಿಗೆ ಕೊಡಲು ಒಪ್ಪಿಗೆ ಸಿಕ್ಕಿತು. ನಂತರ ಪ್ರಕಟವಾದ ಫಲಿತಾಂಶದಲ್ಲಿ ಶೇ. 73ರಷ್ಟು ರೋಗಿಗಳಲ್ಲಿ ರೋಗ ಇಳಿದಿತ್ತು. ಬೆಂಗಳೂರಿನ ಇಮ್ಯುನೀಲ್ ಸಂಸ್ಥೆಯ ಕಾರ್ಟೆಮಿ 2025ರ ಜನವರಿಯಲ್ಲಿ ಬಂತು. ಅದರ ಮೂಲ ಬಾರ್ಸಿಲೋನಾದ ಆಸ್ಪತ್ರೆಯೊಂದರ ಸಂಶೋಧನೆ, ಆದರೆ ಅದು ವಯಸ್ಕರ ಲಿಂಫೋಮಾಕ್ಕೆ ಮೀಸಲು. ನಿಮ್ಮ ಹುಡುಗನ ವಿಷಯದಲ್ಲಿ ವೈದ್ಯರು ಯಾವುದನ್ನು ಹೇಳುತ್ತಿದ್ದಾರೆ, ಅದು ಒಪ್ಪಿಗೆ ಪಡೆದದ್ದೇ ಅಥವಾ ಟ್ರಯಲ್ಲೇ ಎಂದು ಕೇಳಿ ತಿಳಿದುಕೊಳ್ಳಿ. ಟ್ರಯಲ್ ಆಗಿದ್ದರೆ, ಸಹಿ ಹಾಕಿದ ಮೇಲೂ ಯಾವ ಹಂತದಲ್ಲಾದರೂ ಹೊರಬರುವ ಹಕ್ಕು ಅವನಿಗಿದೆ.

ಕೋಶಗಳು ಹೊರಗಿರುವಾಗ ನಡೆಯುವುದು ಇಷ್ಟು. ಮೂರು ನಾಲ್ಕು ಗಂಟೆ ಯಂತ್ರವೊಂದು ಅವನ ರಕ್ತವನ್ನು ಎಳೆದು, ಬಿಳಿ ರಕ್ತಕಣಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಹಿಂದಿರುಗಿಸುತ್ತದೆ. ಅದರಿಂದ ಟಿ ಕೋಶಗಳನ್ನು ಬೇರ್ಪಡಿಸಿ ಎಚ್ಚರಿಸುತ್ತಾರೆ. ರೋಗ ತರುವ ಭಾಗಗಳನ್ನು ತೆಗೆದುಹಾಕಿದ ಲೆಂಟಿವೈರಸ್ ಒಂದು ಅಂಚೆಯವನಂತೆ ಹೊಸ ವಂಶವಾಹಿಯನ್ನು ಅವುಗಳೊಳಗೆ ತಲುಪಿಸುತ್ತದೆ. ಆಮೇಲೆ ಬಿ ಕೋಶಗಳ ಮೈಮೇಲಿರುವ ಸಿಡಿ19 ಎಂಬ ಗುರುತನ್ನು ಅವು ಹಿಡಿಯಬಲ್ಲವು. ಒಂದು ವಾರ, ಹತ್ತು ದಿನ ಅವುಗಳನ್ನು ಬೆಳೆಸಿ, ಬದುಕಿರುವವು ಎಷ್ಟು, ವಂಶವಾಹಿ ಸೇರಿದವು ಎಷ್ಟು, ಬ್ಯಾಕ್ಟೀರಿಯಾ ಶಿಲೀಂಧ್ರ ಮೈಕೋಪ್ಲಾಸ್ಮಾ ಏನಾದರೂ ಹೊಕ್ಕಿದೆಯೇ ಎಂದು ನೋಡಿ, ಶೈತ್ಯೀಕರಿಸಿ ಕಳುಹಿಸುತ್ತಾರೆ. ಪ್ರತಿ ಚೀಲದ ಮೇಲೂ ರೋಗಿಯ ಗುರುತಿನ ಚೀಟಿ ಇರುತ್ತದೆ, ಪ್ರತಿ ಹೆಜ್ಜೆಯಲ್ಲೂ ಇಬ್ಬರು ಅದನ್ನು ಓದಿ ಸಹಿ ಹಾಕುತ್ತಾರೆ. ಒಬ್ಬರ ಕೋಶ ಇನ್ನೊಬ್ಬರಿಗೆ ಹೋಗುವಂತಿಲ್ಲ.

ಉತ್ತರ: ರಕ್ತರೋಗ ವಾರ್ಡಿನ ಶುಶ್ರೂಷಕಿ

ಅಕ್ಕ, ಕೋಶಗಳು ಹಿಂದಿರುಗಿ ಬಂದ ಮೇಲಿನ ದಿನಗಳ ಬಗ್ಗೆ ಮೇಲಿನವರು ಹೆಚ್ಚು ಬರೆದಿಲ್ಲ. ಆ ದಿನಗಳನ್ನು ನಾವು ನೋಡುತ್ತೇವೆ, ಆದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ಅಕ್ಕನವರು ಇದನ್ನು ಮೊದಲೇ ತಿಳಿದಿದ್ದರೆ ಅಂದು ಅಷ್ಟು ಗಾಬರಿಯಾಗುವುದಿಲ್ಲ.

ಕೋಶ ಕೊಡುವ ಮೊದಲು ಕೆಲವು ದಿನ ಫ್ಲುಡಾರಬಿನ್ ಮತ್ತು ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಕೊಡುತ್ತಾರೆ, ಮೈಯೊಳಗೆ ಹೊಸ ಕೋಶಗಳಿಗೆ ಜಾಗವಾಗಲಿ ಎಂದು. ಕೋಶ ಕೊಡುವ ಕ್ಷಣದಲ್ಲಿ ನೋಡಲು ಏನೂ ಇಲ್ಲ. ಚಿಕ್ಕ ಚೀಲ, ರಕ್ತ ಏರಿಸಿದಂತೆಯೇ, ಕೆಲವೇ ನಿಮಿಷ. "ಇಷ್ಟೇನಾ?" ಎಂದು ಎಲ್ಲ ತಾಯಂದಿರೂ ಕೇಳುತ್ತಾರೆ.

ಆಮೇಲೆ ಜ್ವರ ಬರುತ್ತದೆ. ಮೊದಲ ವಾರದಲ್ಲಿ ಬಹುಮಂದಿಗೆ ಬರುತ್ತದೆ. ಹೊಸ ಕೋಶಗಳು ಲ್ಯುಕೀಮಿಯಾವನ್ನು ಕಂಡು ಕೆರಳಿ ಸೈಟೊಕೈನ್ ಎಂಬ ರಾಸಾಯನಿಕ ಸಂದೇಶಗಳನ್ನು ಸುರಿಸುತ್ತವೆ. ಕೆಲವರಿಗೆ ಬರೀ ಜ್ವರ, ಕೆಲವರಿಗೆ ರಕ್ತದೊತ್ತಡ ಕುಸಿದು ಉಸಿರಿಗೂ ತೊಂದರೆಯಾಗುತ್ತದೆ. ಇದಕ್ಕೆ ಈಗ ನಮ್ಮ ಕೈಯಲ್ಲಿ ಮದ್ದಿದೆ, ಅದು ಸಿಕ್ಕ ಬಗೆಯನ್ನು ನಾನು ಹೊಸದಾಗಿ ಸೇರಿದ ಹುಡುಗಿಯರಿಗೆ ತಪ್ಪದೆ ಹೇಳುತ್ತೇನೆ. 2012ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಬಾಲಕಿಗೆ ಈ ಚಿಕಿತ್ಸೆ ಕೊಟ್ಟಾಗ ಜ್ವರ ಏರಿ, ವೆಂಟಿಲೇಟರ್ ಹಾಕಿ, ಉಳಿಯುವುದಿಲ್ಲ ಎನ್ನುವ ಸ್ಥಿತಿ ಬಂತು. ರಕ್ತ ಪರೀಕ್ಷೆಯಲ್ಲಿ ಇಂಟರ್‌ಲ್ಯೂಕಿನ್-6 ಎಂಬುದು ವಿಪರೀತ ಏರಿತ್ತು. ಅದನ್ನು ತಡೆಯುವ ಟೊಸಿಲಿಜುಮಾಬ್ ಎಂಬ ಸಂಧಿವಾತದ ಮದ್ದು ಕಾರ್ಲ್ ಜೂನ್ ಅವರಿಗೆ ಪರಿಚಿತವಾಗಿತ್ತು, ಏಕೆಂದರೆ ಅವರ ಮಗಳಿಗೇ ಮಕ್ಕಳ ಸಂಧಿವಾತವಿತ್ತು. ಅದನ್ನು ಕೊಟ್ಟ ಕೆಲವೇ ಗಂಟೆಗಳಲ್ಲಿ ಜ್ವರ ಇಳಿಯತೊಡಗಿತು, ಏಳನೆಯ ಹುಟ್ಟುಹಬ್ಬದ ದಿನ ಆ ಮಗು ಕಣ್ಣು ತೆರೆಯಿತು. ಇಲಿಗಳಲ್ಲಿ ಈ ಜ್ವರ ಕಂಡೇ ಇರಲಿಲ್ಲ. ಇಂದು ಟೊಸಿಲಿಜುಮಾಬ್ ವಾರ್ಡಿನ ಫ್ರಿಜ್‌ನಲ್ಲಿ ಇದೆಯೇ ಎಂದು ನೋಡಿಕೊಳ್ಳದೆ ನಾವು ಕೋಶದ ಚೀಲ ತೆರೆಯುವುದಿಲ್ಲ.

ಇನ್ನೊಂದು, ಮಿದುಳಿಗೆ ಸಂಬಂಧಿಸಿದ್ದು. ಕೆಲವರಿಗೆ ಮಾತು ತೊದಲುತ್ತದೆ, ಹೆಸರು ಮರೆಯುತ್ತದೆ, ಮಂಕು ಕವಿಯುತ್ತದೆ. ಅದನ್ನು ಬೇಗ ಹಿಡಿಯಲು ನಾವು ದಿನಕ್ಕೆ ಹಲವು ಬಾರಿ ರೋಗಿಯನ್ನು ಮಾತಾಡಿಸುತ್ತೇವೆ: ಇದು ಯಾವ ವರ್ಷ, ಯಾವ ಊರು, ನನ್ನ ಕೈಯಲ್ಲಿರುವುದು ಏನು, ನೂರರಿಂದ ಹತ್ತತ್ತು ಕಳೆಯುತ್ತಾ ಬನ್ನಿ, ಒಂದು ವಾಕ್ಯ ಬರೆಯಿರಿ. ಬರೆಯುವುದೇ ಮುಖ್ಯ ಎಂದು ನನ್ನ ಅನುಭವ. ಒಬ್ಬರು ದಿನವೂ "ನಾನು ಇಂದು ಚೆನ್ನಾಗಿದ್ದೇನೆ" ಎಂದು ಬರೆಯುತ್ತಿದ್ದರು. ಐದನೆಯ ದಿನ ಬೆಳಿಗ್ಗೆ ಮಾತೆಲ್ಲ ಸರಿಯಾಗಿಯೇ ಇತ್ತು, ಹಾಳೆಯಲ್ಲಿ ಮಾತ್ರ "ಚೆನ್ನಾಗಿದ್ದೇನೆ" ಎಂಬಲ್ಲಿ ಒತ್ತಕ್ಷರಗಳು ಬಿದ್ದುಹೋಗಿ ಸಾಲು ಕೆಳಗೆ ಜಾರಿತ್ತು. ಅದನ್ನೇ ಹಿಡಿದು ವೈದ್ಯರನ್ನು ಕರೆದೆವು, ಸ್ಟೀರಾಯ್ಡ್ ಆರಂಭವಾಯಿತು. ಮೂರು ದಿನದಲ್ಲಿ ಒತ್ತಕ್ಷರಗಳು ಮರಳಿ ಬಂದವು.

ಮನೆಗೆ ಹೋದ ಮೇಲೂ ಎಚ್ಚರ ಬೇಕು. ಈ ಕೋಶಗಳು ಪ್ರತಿಕಾಯ ತಯಾರಿಸುವ ಆರೋಗ್ಯವಂತ ಬಿ ಕೋಶಗಳನ್ನೂ ತೆಗೆದುಹಾಕುತ್ತವೆ, ಅವುಗಳ ಮೇಲೂ ಸಿಡಿ19 ಇದೆಯಲ್ಲ. ಆದ್ದರಿಂದ ತಿಂಗಳುಗಟ್ಟಲೆ ಸೋಂಕಿನ ಭಯವಿರುತ್ತದೆ, ಕೆಲವರಿಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳನ್ನು ಏರಿಸಬೇಕಾಗುತ್ತದೆ.

ಮರುಪ್ರಶ್ನೆ: ಹಾಸನದ ಶಿಕ್ಷಕಿ

ಇಬ್ಬರಿಗೂ ಕೈಮುಗಿದು ಧನ್ಯವಾದ ಹೇಳುತ್ತೇನೆ. ಭಾವ ಆ ಕೇಂದ್ರದವರಿಂದ ಎರಡು ಕಾಗದ ಕೇಳಿದರು, ಅಂದಿನಿಂದ ಅವರು ಫೋನ್ ಎತ್ತುತ್ತಿಲ್ಲ.

ಎರಡು ವಿಷಯ ಇನ್ನೂ ಮನಸ್ಸಿನಲ್ಲಿವೆ. ರಕ್ತದ ಕ್ಯಾನ್ಸರಿಗೆ ಇಷ್ಟೆಲ್ಲ ಆಗಿರುವಾಗ ನಮ್ಮ ಮಾವನವರಿಗಿದ್ದಂಥ ಬಾಯಿಯ ಕ್ಯಾನ್ಸರಿಗೆ ಕಾರ್-ಟಿ ಏಕಿಲ್ಲ? ನಮ್ಮ ಕಡೆ ಊರಿಗೆ ಒಬ್ಬರಾದರೂ ಅಡಿಕೆ, ಹೊಗೆಸೊಪ್ಪಿನಿಂದ ಆ ರೋಗ ತಂದುಕೊಂಡವರಿದ್ದಾರೆ. ಮತ್ತೊಂದು, ಹುಡುಗನಿಗೆ ಇದು ಶಾಶ್ವತವಾಗಿ ಗುಣ ಮಾಡುತ್ತದೆಯೇ? ಖರ್ಚಿನ ಬಗ್ಗೆಯೂ ಯಾರಾದರೂ ಹೇಳಿದರೆ ಉಪಕಾರ.

ಉತ್ತರ: ಹುಬ್ಬಳ್ಳಿಯ ಕ್ಯಾನ್ಸರ್ ವೈದ್ಯ

ನಾನು ದಿನವೂ ನೋಡುವುದು ಬಾಯಿ ಮತ್ತು ಗಂಟಲಿನ ಕ್ಯಾನ್ಸರನ್ನೇ, ಆದ್ದರಿಂದ ಈ ಪ್ರಶ್ನೆ ನನ್ನದೂ ಹೌದು.

ಬಿ ಕೋಶಗಳನ್ನು ಪೂರ್ತಿ ಕಳೆದುಕೊಂಡರೂ ಮನುಷ್ಯ ಬದುಕಬಲ್ಲ. ಆದ್ದರಿಂದ ಸಿಡಿ19 ಇರುವ ಎಲ್ಲವನ್ನೂ ಕೊಲ್ಲು ಎಂದು ಟಿ ಕೋಶಕ್ಕೆ ಹೇಳಬಹುದು. ಕೆನ್ನೆಯ ಒಳಪದರದ ಕ್ಯಾನ್ಸರಿನ ಮೇಲಿರುವ ಗುರುತುಗಳು ಚರ್ಮ, ಕರುಳು, ಶ್ವಾಸಕೋಶಗಳಲ್ಲೂ ಅಲ್ಪಸ್ವಲ್ಪ ಇರುತ್ತವೆ. 2010ರಲ್ಲಿ ಅಮೆರಿಕದಲ್ಲಿ ಹರ್2 ಎಂಬ ಗುರುತಿನ ಮೇಲೆ ಕಾರ್-ಟಿ ಪಡೆದ ಒಬ್ಬ ರೋಗಿ, ಆ ಕೋಶಗಳು ಶ್ವಾಸಕೋಶದಲ್ಲಿದ್ದ ಅಲ್ಪ ಹರ್2 ಅನ್ನೇ ಹಿಡಿದದ್ದರಿಂದ ಉಸಿರಾಟ ಸೋತು ಐದು ದಿನಗಳಲ್ಲಿ ತೀರಿಕೊಂಡರು ಎಂಬ ವರದಿ ನಮ್ಮೆಲ್ಲರನ್ನೂ ತಡೆದು ನಿಲ್ಲಿಸಿತು. ಎರಡನೆಯ ಅಡ್ಡಿ ಗಡ್ಡೆಯ ಒಳಾಂಗಣ. ರಕ್ತದಲ್ಲಿ ಟಿ ಕೋಶವೂ ಶತ್ರುವೂ ಒಟ್ಟಿಗೇ ತೇಲುತ್ತವೆ. ಗಡ್ಡೆಯೊಳಗೆ ಹೋಗಬೇಕಾದರೆ ನಾರಿನಂಥ ಗೋಡೆ ದಾಟಬೇಕು, ಒಳಗೆ ಆಮ್ಲಜನಕ ಕಡಿಮೆ, ಆಮ್ಲ ಹೆಚ್ಚು. ಅದೂ ಅಲ್ಲದೆ, ಮೈ ತನ್ನನ್ನು ತಾನೇ ಕಚ್ಚಿಕೊಳ್ಳದಂತೆ ಕಾಯುವ ನಿಯಂತ್ರಕ ಟಿ ಕೋಶಗಳನ್ನು ಗಡ್ಡೆ ತನ್ನ ರಕ್ಷಣೆಗೆ ಸುತ್ತ ಕೂಡಿಸಿಕೊಂಡಿರುತ್ತದೆ. 2025ರ ವೈದ್ಯಕೀಯ ನೊಬೆಲ್ ಸಂದದ್ದು ಆ ಕೋಶಗಳನ್ನು ಅರ್ಥಮಾಡಿಕೊಂಡವರಿಗೇ: ಬ್ರಂಕೋ, ರ್‍ಯಾಮ್ಸ್‌ಡೆಲ್ ಮತ್ತು ಸಕಾಗುಚಿ.

ಬಾಯಿಯ ಕ್ಯಾನ್ಸರಿಗೆ ಬ್ರೇಕು ಬಿಡಿಸುವ ಮದ್ದುಗಳು ಬಂದಿವೆ. ಪಿಡಿ-1 ಅನ್ನು ತಡೆಯುವ ನಿವೊಲುಮಾಬ್ ಅವುಗಳಲ್ಲೊಂದು. ಅದರ ಪೂರ್ಣ ಪ್ರಮಾಣ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ, ನನ್ನ ರೋಗಿಗಳಲ್ಲಿ ಹೆಚ್ಚಿನವರು ಅದರ ಬೆಲೆ ಕೇಳಿ ಎದ್ದು ಹೋಗುತ್ತಾರೆ. ಮುಂಬಯಿಯ ಟಾಟಾ ಮೆಮೋರಿಯಲ್‌ನವರು ಒಂದು ಸರಳ ಪ್ರಶ್ನೆ ಕೇಳಿದರು: ಅಷ್ಟು ಬೇಕೇ ಬೇಕೇ? ವಾಸಿಯಾಗುವ ಹಂತ ದಾಟಿದ ತಲೆ ಮತ್ತು ಕತ್ತಿನ ಕ್ಯಾನ್ಸರಿನ 151 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಅಗ್ಗದ ಮೂರು ಮಾತ್ರೆಗಳನ್ನೂ, ಉಳಿದರ್ಧಕ್ಕೆ ಅದೇ ಮಾತ್ರೆಗಳ ಜೊತೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮಾಬ್ ಅನ್ನೂ ಕೊಟ್ಟರು. ಒಂದು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 16.3, ಎರಡನೆಯದರಲ್ಲಿ ಶೇ. 43.4. ಈ ಫಲಿತಾಂಶ ಪ್ರಕಟವಾದ ವಾರ ನಾನು ನನ್ನ ಹಳೆಯ ಕೇಸುಗಳ ಪುಸ್ತಕ ತೆಗೆದು, ಬೆಲೆ ಕೇಳಿ ಎದ್ದು ಹೋಗಿದ್ದವರ ಹೆಸರುಗಳ ಮೇಲೆ ಬೆರಳಾಡಿಸಿದೆ. ಕೆಲವರಿಗೆ ಫೋನ್ ಮಾಡಿದೆ. ಇಬ್ಬರು ಸಿಕ್ಕರು. ನಿಮ್ಮ ಫೈಲಿಗೆ 32ನೆಯದಾಗಿ ಸೇರಿಸಲು ನಾನು ಆರಿಸುವುದಾದರೆ ಇದನ್ನು. ಹೊಸ ಅಣುವನ್ನು ಹುಡುಕುವುದಷ್ಟೇ ಸಂಶೋಧನೆಯಲ್ಲ. ಇರುವ ಅಣು ನಮ್ಮ ಬಡವರಿಗೆ ಎಷ್ಟು ಸಾಕು ಎಂದು ಅಳೆಯುವುದೂ ಅಷ್ಟೇ ದೊಡ್ಡ ಸಂಶೋಧನೆ ಎಂದು ನಾನು ನಂಬಿದ್ದೇನೆ.

ಹುಡುಗನ ವಿಷಯದಲ್ಲಿ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಈ ಚಿಕಿತ್ಸೆಯಿಂದ ರೋಗ ಇಳಿದವರಲ್ಲೂ ಕೆಲವರಿಗೆ ಮತ್ತೆ ಬರುತ್ತದೆ. ಕೆಲವೊಮ್ಮೆ ಹೊಸ ಟಿ ಕೋಶಗಳು ಮೈಯಲ್ಲಿ ಬಾಳುವುದಿಲ್ಲ, ಕೆಲವೊಮ್ಮೆ ಲ್ಯುಕೀಮಿಯಾ ಕೋಶವೇ ಸಿಡಿ19 ಎಂಬ ಗುರುತನ್ನು ಕಳಚಿಟ್ಟು ಮರೆಯಾಗುತ್ತದೆ. ಆದ್ದರಿಂದ ರೋಗ ಇಳಿದ ಮೇಲೆ ಮೂಳೆಮಜ್ಜೆ ಕಸಿ ಬೇಕೇ ಎಂಬುದನ್ನು ಈಗಲೇ ವೈದ್ಯರೊಡನೆ ಮಾತನಾಡಿ, ಒಡಹುಟ್ಟಿದವರಿದ್ದರೆ ಅವರ ಮಜ್ಜೆ ಅವನಿಗೆ ಒಗ್ಗುತ್ತದೆಯೇ ಎಂದು ನೋಡುವ ಎಚ್‌ಎಲ್‌ಎ ಹೊಂದಾಣಿಕೆಯ ಪರೀಕ್ಷೆಯನ್ನು ಮುಂದೂಡಬೇಡಿ. ಖರ್ಚಿನ ವಿಷಯ: ಅಮೆರಿಕದಲ್ಲಿ ಮೊದಲು ಬಂದ ಕಾರ್-ಟಿಯಾದ ಕಿಮ್ರಿಯಾದ ಬೆಲೆ 4,75,000 ಡಾಲರ್ ಇತ್ತು. ನೆಕ್ಸ್‌ಕಾರ್19 ಆರಂಭದಲ್ಲಿ ಸುಮಾರು 30ರಿಂದ 40 ಲಕ್ಷ ರೂಪಾಯಿ ಎಂದು ವರದಿಯಾಗಿತ್ತು. ಅಲ್ಲಿಯ ಬೆಲೆಯ ಸುಮಾರು ಹತ್ತರಲ್ಲಿ ಒಂದು ಪಾಲು, ಆದರೂ ಶಿಕ್ಷಕರ ಮನೆಗೆ ಅದು ಹೊರಲಾರದ ಹೊರೆ ಎಂದು ನನಗೆ ಗೊತ್ತು. ಆಸ್ಪತ್ರೆಯ ವೈದ್ಯಕೀಯ ಸಮಾಜಸೇವಾ ವಿಭಾಗಕ್ಕೆ ಮೊದಲ ದಿನವೇ ಹೋಗಿ. ದತ್ತಿ ನಿಧಿ, ಪರಿಹಾರ ನಿಧಿಗಳಿಗೆ ಯಾವ ಕಾಗದ ಬೇಕೆಂದು ಅವರಿಗೆ ತಿಳಿದಿರುತ್ತದೆ, ಆ ಕಾಗದಗಳಿಗೆ ತಗಲುವ ವಾರಗಳನ್ನು ಕೋಶ ತಯಾರಾಗುವ ವಾರಗಳ ಜೊತೆಗೇ ಓಡಿಸಬಹುದು.

ಪ್ರತಿಕ್ರಿಯೆ: ಹಾಸನದ ಶಿಕ್ಷಕಿ

ಡಾಕ್ಟರೇ, ನೀವು ಆ ಇಬ್ಬರಿಗೆ ಫೋನ್ ಮಾಡಿದ್ದನ್ನು ಓದಿ ನಮ್ಮವರಿಗೂ ಓದಿ ಹೇಳಿದೆ. ಅವರು ತಂದೆಯ ಫೋಟೊ ಕಡೆ ನೋಡಿ ಸುಮ್ಮನಾದರು.

ಹುಡುಗನ ತಂಗಿಯ ರಕ್ತವನ್ನು ಹೊಂದಾಣಿಕೆಗೆ ಕೊಟ್ಟು ಬಂದಿದ್ದೇವೆ. ಬಿಳಿ ರಕ್ತಕಣ ತೆಗೆಯಲು ಬರುವ ಮಂಗಳವಾರ ದಿನ ಕೊಟ್ಟಿದ್ದಾರೆ. ಶುಶ್ರೂಷಕಿ ತಂಗಿಯವರಿಗೆ ಒಂದು ಸಣ್ಣ ಪ್ರಶ್ನೆ: ವಾರ್ಡಿನಲ್ಲಿ ಬರೆಸುವ ಆ ವಾಕ್ಯ ಇಂಗ್ಲಿಷಿನಲ್ಲೇ ಇರಬೇಕೇ? ಇವನು ಕನ್ನಡ ಮಾಧ್ಯಮದಲ್ಲಿ ಓದಿದವನು. ಆಸ್ಪತ್ರೆ ಬೇರೆ ರಾಜ್ಯದಲ್ಲಿದೆ, ಅಲ್ಲಿಯವರಿಗೆ ಕನ್ನಡ ಓದಲು ಬಾರದಿದ್ದರೆ?

ಉತ್ತರ: ರಕ್ತರೋಗ ವಾರ್ಡಿನ ಶುಶ್ರೂಷಕಿ

ಇಂಗ್ಲಿಷಿನಲ್ಲಿ ಇರಬೇಕಾಗಿಲ್ಲ ಅಕ್ಕ. ಅವನಿಗೆ ಯಾವ ಭಾಷೆ ಯೋಚಿಸದೆ ಕೈಗೆ ಬರುತ್ತದೋ ಅದರಲ್ಲೇ ಬರೆಯಲಿ. ದಾಖಲಾಗುವ ದಿನ, ಕೋಶ ಕೊಡುವ ಮೊದಲು, ಅವನೇ ಒಂದು ವಾಕ್ಯ ಆರಿಸಿಕೊಂಡು ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಧಾನವಾಗಿ ಬರೆದು ದಿನಾಂಕ ಹಾಕಲಿ. ಅದು ಅವನ ಆರೋಗ್ಯವಂತ ಕೈಬರಹ. ಮುಂದೆ ದಿನವೂ ಅದೇ ವಾಕ್ಯ, ಅದೇ ಪೆನ್ನು. ಕನ್ನಡ ಬಾರದ ದಾದಿಯೂ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ಇದು ಅದರಂತಿಲ್ಲ ಎಂದು ಹೇಳಬಲ್ಲಳು. ಜೊತೆಗೆ ನೀವೋ ಅಕ್ಕನೋ ಹತ್ತಿರ ಇರಿ. ಅಕ್ಷರ ತಿದ್ದಿ ಅಭ್ಯಾಸವಿರುವವರ ಕಣ್ಣಿಗೆ ಬಿದ್ದುಹೋದ ಒತ್ತು ನಮಗಿಂತ ಬೇಗ ಕಾಣುತ್ತದೆ. ಕಂಡರೆ ರೌಂಡ್ಸ್‌ಗೆ ವೈದ್ಯರು ಬರುವವರೆಗೆ ಕಾಯಬೇಡಿ, ಮಂಚದ ಪಕ್ಕದ ಗಂಟೆ ಒತ್ತಿ.